ಬಿಸಿಲು ಇಟ್ಟ ದೃಷ್ಟಿಬೊಟ್ಟು

ಶಾಲೆಗಳಿಗೆ ಹೋಗುವಾಗ ನನ್ನ ಚೀಲದಲ್ಲಿ ಮಸೂರ, ಆಯಸ್ಕಾಂತ, ಬಲೂನುಗಳ ಜೊತೆಗೆ ಒಂದು ಹಳೆಯ ಲಕೋಟೆಯೂ ಇರುತ್ತದೆ. ಅದರಲ್ಲಿರುವುದು 1999ರ ಏಪ್ರಿಲ್ ತಿಂಗಳಲ್ಲಿ, ನಮ್ಮೂರ ಜಾತ್ರೆಯ ದಿನ ನಾನೇ ತೆಗೆದ 34 ಫೋಟೋಗಳು. ಮಕ್ಕಳ ಮುಂದೆ ಅವನ್ನು ಹರಡಿ, "ಇವುಗಳಲ್ಲಿ ಏನಾದರೂ ವಿಚಿತ್ರ ಕಾಣಿಸುತ್ತದೆಯೇ?" ಎಂದು ಕೇಳುತ್ತೇನೆ.

ಸ್ವಲ್ಪ ಹೊತ್ತಿನಲ್ಲೇ ಯಾರಾದರೊಬ್ಬರು ಬೆರಳಿಟ್ಟು ತೋರಿಸುತ್ತಾರೆ. ಬಹಳಷ್ಟು ಫೋಟೋಗಳಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆಯೊಂದಿದೆ. ಒಂದರಲ್ಲಿ ತೇರಿನ ಹಗ್ಗದ ಮೇಲೆ, ಒಂದರಲ್ಲಿ ಬಲೂನು ಮಾರುವವನ ಅಂಗಿಯ ಮೇಲೆ, ಇನ್ನೊಂದರಲ್ಲಿ ನನ್ನ ಅಜ್ಜಿಯ ಕೆನ್ನೆಯ ಮೇಲೆ!

ಅದು ಏನಿರಬಹುದು? ಚಂದ್ರ, ಧೂಳು, ನೀರಿನ ಹನಿ, ಹುಳು ತಿಂದ ಗುರುತು, ಹೀಗೆ ನಾನಾ ಉತ್ತರಗಳು ಬರುತ್ತವೆ. ಒಬ್ಬ ಹುಡುಗನಂತೂ ದೆವ್ವ ಎಂದೇ ಹೇಳಿದ. ಆದರೆ ಒಂದು ಶಾಲೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಏನೂ ಹೇಳದೆ ತನ್ನ ಜ್ಯಾಮಿಟ್ರಿ ಬಾಕ್ಸಿನಿಂದ ಸ್ಕೇಲು ತೆಗೆದಳು. ಎಡ ಅಂಚಿನಿಂದ 6 ಸೆಂಟಿಮೀಟರ್, ಮೇಲಿನ ಅಂಚಿನಿಂದ 4 ಸೆಂಟಿಮೀಟರ್. ಎರಡನೆಯ ಫೋಟೋದಲ್ಲೂ ಅಷ್ಟೇ. ಮೂರನೆಯದರಲ್ಲೂ ಅಷ್ಟೇ. "ಅಜ್ಜಿ ಫೋಟೋದಲ್ಲಿ ಮಾತ್ರ ಲೆಕ್ಕ ಸರಿಹೋಗ್ತಿಲ್ಲ ಸರ್" ಎಂದಳು. ಅದನ್ನು ನಾನು ಕ್ಯಾಮೆರಾ ನಿಲ್ಲಿಸಿಕೊಂಡು ತೆಗೆದಿದ್ದೆ. ಫೋಟೋವನ್ನು ಅಡ್ಡಕ್ಕೆ ತಿರುಗಿಸಿ ಕೊಟ್ಟೆ. ಲೆಕ್ಕ ಸರಿಹೋಯಿತು!

ಈ ಅಳತೆ ಎಷ್ಟು ದೊಡ್ಡ ವಿಷಯ ಹೇಳುತ್ತದೆ ನೋಡಿ. ಚುಕ್ಕೆ ಹೊರಗಿನ ದೃಶ್ಯದಲ್ಲಿ ಇದ್ದಿದ್ದರೆ ಒಂದೊಂದು ಫೋಟೋದಲ್ಲಿ ಒಂದೊಂದು ಕಡೆ ಇರಬೇಕಿತ್ತು. ಎಲ್ಲದರಲ್ಲೂ ಒಂದೇ ಜಾಗದಲ್ಲಿದೆ ಎಂದರೆ ಕಾರಣ ಕ್ಯಾಮೆರಾದ ಒಳಗೇ ಇದೆ. ಇನ್ನೂ ಒಂದು ಸುಳಿವು ಉಂಟು. ಮೊದಲ 14 ಫೋಟೋಗಳಲ್ಲಿ ಚುಕ್ಕೆ ಇಲ್ಲವೇ ಇಲ್ಲ. ಅದು ಶುರುವಾಗುವುದು 15ನೆಯದರಿಂದ. ಹಾಗಾದರೆ 14 ಮತ್ತು 15ನೇ ಫೋಟೋಗಳ ನಡುವೆ ಏನೋ ನಡೆದಿದೆ.

ಆ ನಡುವೆ ನಡೆದದ್ದು ಇಷ್ಟೇ: ನಾನು ಊಟ ಮಾಡಿದೆ.

ಆಗ ನಾನು ಬಿ.ಎಸ್ಸಿ. ವಿದ್ಯಾರ್ಥಿ. ಸೋದರಮಾವನ ಹತ್ತಿರ ಒಂದು ಹಳೆಯ ಕ್ಯಾಮೆರಾ ಇತ್ತು. ಅದನ್ನು ಬೇಡಿ, ಕಾಡಿ ಒಂದು ದಿನದ ಮಟ್ಟಿಗೆ ತಂದಿದ್ದೆ. 14ನೇ ಫೋಟೋ ದೇವಸ್ಥಾನದ ಮಂಟಪದೊಳಗಿನದು. ಒಳಗೆ ಮಬ್ಬು ಬೆಳಕಿದ್ದರಿಂದ ಲೆನ್ಸಿನ ದ್ವಾರವನ್ನು ಪೂರ್ತಿ ತೆರೆದಿದ್ದೆ. ಹೊರಗೆ ಬಂದು, ಮುಂದಿನ ಫೋಟೋಗೆ ಫಿಲ್ಮ್ ಸುತ್ತಿಟ್ಟು, ಕ್ಯಾಮೆರಾವನ್ನು ಅರಳೀಕಟ್ಟೆಯ ಅಂಚಿನ ಮೇಲೆ ಅಂಗಾತ ಮಲಗಿಸಿ ಪಂಕ್ತಿಯಲ್ಲಿ ಕುಳಿತೆ. ಮರದ ನೆರಳು ಆ ಅಂಚಿನವರೆಗೆ ಬರುತ್ತಿರಲಿಲ್ಲ. ಲೆನ್ಸಿನ ಮುಚ್ಚಳ ನನ್ನ ಜೇಬಿನಲ್ಲಿತ್ತು. ಸಮಯ ಮಧ್ಯಾಹ್ನ ಹನ್ನೆರಡೂವರೆ ಇರಬೇಕು.

ಮುಂದಿನದನ್ನು ತಿಳಿಯಲು ಆ ಕ್ಯಾಮೆರಾದ ಒಳಗೆ ಹೋಗಬೇಕು, ಬನ್ನಿ.

ನೀವು ಇಂದು ನೋಡುವುದು ಮೊಬೈಲ್ ಫೋನಿನ ಕ್ಯಾಮೆರಾ. ಹಿಂದಿನ ಕ್ಯಾಮೆರಾಗಳಲ್ಲಿ ಚಿತ್ರ ಮೂಡುತ್ತಿದ್ದುದು ಫಿಲ್ಮಿನ ಮೇಲೆ. ಬೆಳಕು ತಾಗಿದರೆ ಬದಲಾಗುವ ಬೆಳ್ಳಿಯ ಲವಣಗಳನ್ನು ಲೇಪಿಸಿದ ಪ್ಲಾಸ್ಟಿಕ್ ಪಟ್ಟಿ ಅದು. ರೋಲು ಎಂದೂ ಕರೆಯುತ್ತಿದ್ದರು. ಒಂದು ರೋಲಿನಲ್ಲಿ 36 ಫೋಟೋ. ಅಷ್ಟೂ ಮುಗಿದ ಮೇಲೆ ಸ್ಟುಡಿಯೋಗೆ ಕೊಟ್ಟು ತೊಳೆಸಬೇಕಿತ್ತು. ಅಲ್ಲಿಯವರೆಗೆ ಫೋಟೋ ಹೇಗೆ ಬಂದಿದೆ ಎಂದು ದೇವರಿಗೂ ಗೊತ್ತಿಲ್ಲ! ತೊಳೆದಾಗ ಬೆಳಕು ಹೆಚ್ಚು ಬಿದ್ದ ಭಾಗ ಫಿಲ್ಮಿನ ಮೇಲೆ ಕಪ್ಪಾಗುತ್ತದೆ. ಇದೇ ನೆಗೆಟಿವ್. ಅದನ್ನು ಕಾಗದಕ್ಕೆ ಇಳಿಸಿದಾಗ ಕಪ್ಪು ಇದ್ದದ್ದು ಬಿಳಿಯಾಗುತ್ತದೆ. ಅಜ್ಜಿಯ ಕೆನ್ನೆಯ ಚುಕ್ಕೆ ಫೋಟೋದಲ್ಲಿ ಬಿಳಿ, ನೆಗೆಟಿವಿನಲ್ಲಿ ಅಚ್ಚ ಕಪ್ಪು. ಪುಟ್ಟ ಮಕ್ಕಳ ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ಹಾಗೆಯೇ.

ಫಿಲ್ಮಿಗೆ ಬೇಕಾದದ್ದು ಕ್ಷಣಮಾತ್ರದ ಬೆಳಕು. ಉಳಿದ ಹೊತ್ತೆಲ್ಲ ಅದು ಕತ್ತಲಲ್ಲೇ ಇರಬೇಕು. ಆ ಕತ್ತಲನ್ನು ಕಾಯುವ ಬಾಗಿಲೇ ಶಟರ್. ಅಂಗಡಿಯ ಶಟರ್ ನೋಡಿದ್ದೀರಲ್ಲ? ಮೇಲೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ, ಎಳೆದರೆ ಬಿಚ್ಚಿಕೊಂಡು ಬಾಗಿಲು ಮುಚ್ಚುತ್ತದೆ. ನಾನು ಹೇಳುತ್ತಿರುವ ಕ್ಯಾಮೆರಾಗಳ ಶಟರ್ ಕೂಡ ಹೀಗೆಯೇ. ಆದರೆ ಅದು ಅಡ್ಡಕ್ಕೆ ಓಡುತ್ತದೆ, ಮತ್ತು ಅದು ತಗಡಿನದಲ್ಲ, ರಬ್ಬರ್ ಲೇಪಿಸಿದ ಕಪ್ಪು ಬಟ್ಟೆಯದು. ಫಿಲ್ಮಿನ ಮುಂದೆ, ಅದಕ್ಕೆ ತೀರ ಹತ್ತಿರದಲ್ಲಿ, ಇಂಥ ಎರಡು ಪರದೆಗಳಿರುತ್ತವೆ. ಗುಂಡಿ ಒತ್ತಿದಾಗ ಮೊದಲ ಪರದೆ ಓಡಿಹೋಗಿ ಫಿಲ್ಮನ್ನು ತೆರೆಯುತ್ತದೆ, ಎರಡನೆಯದು ಅದರ ಬೆನ್ನಟ್ಟಿ ಬಂದು ಮುಚ್ಚುತ್ತದೆ. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಬೆಳಕು ಸಾಕೆಂದರೆ ಎರಡೂ ಪರದೆಗಳು ಒಂದೆರಡು ಮಿಲಿಮೀಟರಿನ ಸೀಳು ಬಿಟ್ಟುಕೊಂಡು ಒಟ್ಟಿಗೇ ಓಡುತ್ತವೆ. ಆ ಸೀಳು ಫಿಲ್ಮಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕನ್ನು ಬಳಿದುಕೊಂಡು ಹೋಗುತ್ತದೆ.

ಬಟ್ಟೆಯೇ ಏಕೆ ಎಂದು ನೀವು ಕೇಳಬಹುದು. ಇದಕ್ಕೆ ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿಗೆ ಹೋಗಬೇಕು. ಅಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುವ ಲೈಟ್ಸ್ ಎಂಬ ಕಾರ್ಖಾನೆ ಇತ್ತು. ಅಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್ ಅವರಿಗೆ ಫೋಟೋ ತೆಗೆಯುವ ಹುಚ್ಚು. ಜೊತೆಗೆ ಉಬ್ಬಸದ ಕಾಯಿಲೆ. ಆ ಕಾಲದ ಕ್ಯಾಮೆರಾಗಳೋ ಪೆಟ್ಟಿಗೆಯಷ್ಟು ದೊಡ್ಡವು, ಒಳಗೆ ಗಾಜಿನ ಫಲಕಗಳು. ಅವನ್ನು ಹೊತ್ತು ಗುಡ್ಡ ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಅಗಲದ ಫಿಲ್ಮನ್ನೇ ಹಾಕಬಹುದಾದ, ಕೋಟಿನ ಜೇಬಿಗೆ ಹಿಡಿಸುವ ಪುಟ್ಟ ಕ್ಯಾಮೆರಾವೊಂದನ್ನು 1914ರ ಹೊತ್ತಿಗೆ ಅವರು ಮಾಡಿಕೊಂಡರು. ಅಷ್ಟರಲ್ಲಿ ಮಹಾಯುದ್ಧ ಬಂತು. ಅದು ಲೈಕಾ ಎಂಬ ಹೆಸರಿನಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ ಜನರ ಮುಂದೆ ಬಂದದ್ದು 1925ರಲ್ಲಿ. ಅಷ್ಟು ಚಿಕ್ಕ ಕ್ಯಾಮೆರಾದೊಳಗೆ ಪೆನ್ಸಿಲಿಗಿಂತ ದಪ್ಪವಿಲ್ಲದ ಉರುಳೆಗಳಿಗೆ ಸುತ್ತಿಕೊಳ್ಳಬೇಕು, ಹಗುರವಾಗಿರಬೇಕು, ಓಡಿ ನಿಂತಾಗ ಸದ್ದು ಮಾಡಬಾರದು. ಇದಕ್ಕೆಲ್ಲ ಬಟ್ಟೆಗಿಂತ ಒಳ್ಳೆಯದು ಯಾವುದಿದೆ?

1932ರ ಲೈಕಾದಲ್ಲಿ ದೂರ ಅಳೆಯುವ ಸಾಧನವೂ ಕ್ಯಾಮೆರಾದೊಳಗೇ ಸೇರಿತು. ಅದರ ಹೆಸರೇ ರೇಂಜ್‌ಫೈಂಡರ್. ಕ್ಯಾಮೆರಾದ ನೆತ್ತಿಯಲ್ಲಿ ತುಸು ದೂರದಲ್ಲಿ ಎರಡು ಪುಟ್ಟ ಕಿಟಕಿಗಳು. ಎರಡರಿಂದಲೂ ಬಂದ ಚಿತ್ರಗಳು ಇಣುಕುಗಾಜಿನಲ್ಲಿ ಒಂದರ ಮೇಲೊಂದು ಕಾಣುತ್ತವೆ. ಲೆನ್ಸಿನ ಉಂಗುರ ತಿರುಗಿಸುತ್ತ ಎರಡೂ ಸರಿಯಾಗಿ ಕೂಡುವಂತೆ ಮಾಡಿದರೆ ದೂರ ಸರಿಯಾಗಿ ಸಿಕ್ಕಿತೆಂದು ಅರ್ಥ. ನಮ್ಮ ಎರಡು ಕಣ್ಣುಗಳೂ ಸುಮಾರಾಗಿ ಇದೇ ಉಪಾಯ ಮಾಡುತ್ತವೆ. ಇಂಥ ಕ್ಯಾಮೆರಾಗಳು ಸದ್ದಿಲ್ಲದೆ, ಚುರುಕಾಗಿ ಕೆಲಸ ಮಾಡುತ್ತಿದ್ದವು. 1948ರಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯ ಹೆಸರಾಂತ ಚಿತ್ರಗಳನ್ನು ತೆಗೆದ ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸಾನ್ ಅವರ ನೆಚ್ಚಿನ ಕ್ಯಾಮೆರಾ ಕೂಡ ಲೈಕಾ.

ಈಗ ಮುಖ್ಯ ಸಂಗತಿಗೆ ಬರೋಣ. ಈ ಕ್ಯಾಮೆರಾದಲ್ಲಿ ಇಣುಕುಗಾಜು ಬೇರೆ, ಲೆನ್ಸು ಬೇರೆ. ಹಾಗಾಗಿ ಲೆನ್ಸಿಗೂ ಬಟ್ಟೆಯ ಪರದೆಗೂ ನಡುವೆ ಏನೂ ಇಲ್ಲ. ಬರೀ ಗಾಳಿ. ಲೆನ್ಸು ಎಂದರೆ ಒಟ್ಟಾರೆ ಪೀನ ಮಸೂರದಂತೆ ಕೆಲಸ ಮಾಡುವ ಗಾಜುಗಳ ಜೋಡಣೆ. ಅದನ್ನು ಸೂರ್ಯನಿಗೆ ಹಿಡಿದರೆ ಏನಾಗುತ್ತದೆಂದು ನಿಮಗೇ ಗೊತ್ತು.

ಗೊತ್ತಿಲ್ಲದಿದ್ದರೆ ಒಂದು ಪ್ರಯೋಗ ಮಾಡಿ. ಆದರೆ ನಿಮ್ಮ ಶಿಕ್ಷಕರು ಪಕ್ಕದಲ್ಲಿ ಇರಲೇಬೇಕು, ಒಂದು ಚೊಂಬು ನೀರೂ ಇರಲಿ. ಒಣಹುಲ್ಲಿಲ್ಲದ ನೆಲದ ಮೇಲೆ ಹಳೆಯ ದಿನಪತ್ರಿಕೆಯ ತುಂಡನ್ನಿಟ್ಟು, ಭೂತಗನ್ನಡಿಯಿಂದ ಸೂರ್ಯನ ಬೆಳಕನ್ನು ಚಿಕ್ಕ ಚುಕ್ಕೆಯಾಗಿಸಿ. ಮೊದಲು ಚುಕ್ಕೆಯನ್ನು ಅಚ್ಚಿಲ್ಲದ ಬಿಳಿ ಜಾಗದಲ್ಲಿ ಇಡಿ. ಆಮೇಲೆ ದೊಡ್ಡ ಕಪ್ಪು ಅಕ್ಷರದ ಮೇಲೆ ತನ್ನಿ. ಒಬ್ಬರು ಒಂದು, ಎರಡು, ಮೂರು ಎಂದು ಎಣಿಸುತ್ತಿರಲಿ. ಕೊನೆಗೆ ಚಾಕೊಲೇಟಿಗೆ ಸುತ್ತಿ ಬರುವ ಹೊಳೆಯುವ ಅಲ್ಯೂಮಿನಿಯಂ ಹಾಳೆಯ ಮೇಲೆ ಇಟ್ಟು ನೋಡಿ. ಪ್ರಖರವಾದ ಆ ಚುಕ್ಕೆಯನ್ನು ದಿಟ್ಟಿಸಬೇಡಿ. ಮಸೂರದ ಮೂಲಕ ಸೂರ್ಯನನ್ನಂತೂ ಎಂದೆಂದಿಗೂ ನೋಡಬೇಡಿ.

ಕಪ್ಪು ಅಕ್ಷರ ಬೇಗ ಹೊಗೆಯಾಡುತ್ತದೆ. ಬಿಳಿ ಕಾಗದ ತಡ ಮಾಡುತ್ತದೆ. ಹೊಳೆಯುವ ಹಾಳೆಗೆ ಏನೂ ಆಗುವುದಿಲ್ಲ. ಮೂರಕ್ಕೂ ಬಿದ್ದದ್ದು ಒಂದೇ ಬೆಳಕು. ಹಾಗಾದರೆ ಈ ವ್ಯತ್ಯಾಸ ಏಕೆ? ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಭಾಗವನ್ನು ಸುತ್ತಲೂ ಚೆದುರಿಸಿಬಿಡುತ್ತದೆ. ಹೊಳೆಯುವ ಹಾಳೆ ಬೆಳಕನ್ನು ಹಿಂದಿರುಗಿಸುತ್ತದೆ. ಹೀರಿಕೊಂಡ ಅಷ್ಟಿಷ್ಟು ಶಾಖವನ್ನು ಲೋಹವಾದ್ದರಿಂದ ಸುತ್ತಮುತ್ತ ಹಂಚಿಬಿಡುತ್ತದೆ. ಕಪ್ಪು ಮಾತ್ರ ಬಂದದ್ದನ್ನೆಲ್ಲ ನುಂಗುತ್ತದೆ. ನುಂಗಿದ ಬೆಳಕು ಮಾಯವಾಗುವುದಿಲ್ಲ. ಶಕ್ತಿಯನ್ನು ಇಲ್ಲವಾಗಿಸಲು ಯಾರಿಂದಲೂ ಸಾಧ್ಯವಿಲ್ಲ. ಬೆಳಕಾಗಿ ಬಂದದ್ದು ಶಾಖವಾಗಿ ಅಲ್ಲೇ ಉಳಿಯುತ್ತದೆ.

ಬಟ್ಟೆಯ ಪರದೆಯ ಕಷ್ಟ ಈಗ ನಿಮಗೆ ಅರ್ಥವಾಗಿರಬೇಕು. ಅದರ ಕೆಲಸವೇ ಬೆಳಕನ್ನು ತಡೆಯುವುದು. ತಡೆಯಲಿ ಎಂದೇ ಅದನ್ನು ಕಪ್ಪು ಮಾಡಿದ್ದಾರೆ. ಬೆಳಕು ಪ್ರತಿಫಲಿಸಿ ಕ್ಯಾಮೆರಾದೊಳಗೆಲ್ಲ ಚೆಲ್ಲಾಡಬಾರದು ಎಂಬುದೂ ಒಂದು ಕಾರಣ. ಬಟ್ಟೆ ಮತ್ತು ರಬ್ಬರ್ ಎರಡೂ ಶಾಖವನ್ನು ಸುಲಭವಾಗಿ ಹಂಚುವ ವಸ್ತುಗಳಲ್ಲ. ಒಂದು ಚುಕ್ಕೆಯಲ್ಲಿ ಬಿದ್ದ ಶಾಖ ಆ ಚುಕ್ಕೆಯಲ್ಲೇ ಕೂಡುತ್ತದೆ.

ಎಷ್ಟು ಕೂಡುತ್ತದೆ? ಲೆಕ್ಕ ಸುಲಭ, ಮಾಡೋಣ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್, ನಮ್ಮಿಂದ ಅವನ ದೂರ ಸುಮಾರು 15 ಕೋಟಿ ಕಿಲೋಮೀಟರ್. ಅಂದರೆ ದೂರವು ವ್ಯಾಸದ 107 ಪಟ್ಟು. ಲೆನ್ಸಿನ ಹಿಂದೆ ಮೂಡುವ ಸೂರ್ಯನ ಪ್ರತಿಬಿಂಬಕ್ಕೂ ಇದೇ ಅನುಪಾತ. ಸಾಮಾನ್ಯವಾಗಿ ಬಳಸುವ ಲೆನ್ಸಿನ ಸಂಗಮದೂರ 50 ಮಿಲಿಮೀಟರ್. ಅದನ್ನು 107ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಪರದೆಯ ಮೇಲೆ ಬೀಳುವ ಸೂರ್ಯ ಅಷ್ಟೇ ದೊಡ್ಡವನು!

ಲೆನ್ಸಿನ ದ್ವಾರವನ್ನು 2 ಎಂಬ ಸಂಖ್ಯೆಗೆ ತೆರೆದಿದ್ದರೆ ಅದರ ವ್ಯಾಸ 50ರ ಅರ್ಧ, ಅಂದರೆ 25 ಮಿಲಿಮೀಟರ್. 25 ಮಿಲಿಮೀಟರ್ ಅಗಲದ ವೃತ್ತದಲ್ಲಿ ಬಿದ್ದ ಬಿಸಿಲೆಲ್ಲ ಅರ್ಧ ಮಿಲಿಮೀಟರಿನ ವೃತ್ತಕ್ಕೆ ಇಳಿಯಿತು. ಅಗಲದಲ್ಲಿ 50 ಪಟ್ಟು ಕಡಿಮೆ, ವಿಸ್ತೀರ್ಣದಲ್ಲಿ 50 ಗುಣಿಲೆ 50, ಅಂದರೆ 2500 ಪಟ್ಟು ಕಡಿಮೆ. ಗಾಜಿನಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಬಿಡಿ. ಆದರೂ ನಡುಹಗಲ ಬಿಸಿಲಿನ ಎರಡು ಸಾವಿರ ಪಟ್ಟಿಗೂ ಹೆಚ್ಚು ಪ್ರಖರವಾದ ಚುಕ್ಕೆ ಅದು. ಬಟ್ಟೆಗೆ ತೂತು ಬೀಳಲು ಕೆಲವೇ ಸೆಕೆಂಡುಗಳು ಸಾಕಾಗಬಹುದು.

ಅದೇ ದ್ವಾರವನ್ನು 16 ಎಂಬ ಸಂಖ್ಯೆಗೆ ಕಿರಿದಾಗಿಸಿದ್ದರೆ? ದ್ವಾರದ ವ್ಯಾಸ 50 ಭಾಗಿಸು 16, ಸುಮಾರು 3 ಮಿಲಿಮೀಟರ್. ಪ್ರತಿಬಿಂಬದ ಅಗಲ ಅಷ್ಟೇ ಇರುತ್ತದೆ. ಈಗ ಬಿಸಿಲು ದಟ್ಟವಾಗುವುದು ಸುಮಾರು 40 ಪಟ್ಟು ಮಾತ್ರ. ಪರದೆ ಬೆಚ್ಚಗಾದೀತು, ಉಳಿದೀತು. ಹೊರಗೆ ಬಿಸಿಲಿನಲ್ಲಿ ಓಡಾಡುವಾಗ ದ್ವಾರವನ್ನು 16ಕ್ಕೆ ಇಟ್ಟುಕೊಳ್ಳುವುದು, ದೂರದ ಉಂಗುರವನ್ನು ಹತ್ತಿರದ ಅಳತೆಗೆ ತಿರುಗಿಸಿಡುವುದು ಹಳಬರ ರೂಢಿ. ಹತ್ತಿರಕ್ಕೆ ತಿರುಗಿಸಿದರೆ ಸೂರ್ಯನ ಪ್ರತಿಬಿಂಬ ಪರದೆಯ ಮೇಲೆ ಸ್ಪಷ್ಟವಾಗಿ ಬೀಳದೆ ಹರಡಿಕೊಳ್ಳುತ್ತದೆ. ನನ್ನ ಕ್ಯಾಮೆರಾದಲ್ಲಿ ಉಂಗುರ ನಿಂತಿದ್ದು ಎಂಟನ್ನು ಅಡ್ಡ ಮಲಗಿಸಿದಂಥ ಅನಂತದ ಗುರುತಿನ ಹತ್ತಿರ. ದ್ವಾರ ಪೂರ್ತಿ ತೆರೆದಿತ್ತೆಂದು ಮೊದಲೇ ಹೇಳಿದೆನಲ್ಲ. ತಪ್ಪು ಮಾಡುವುದಾದರೆ ಹೀಗೆ ಪೂರ್ತಿಯಾಗಿ ಮಾಡಬೇಕು!

ಇಲ್ಲೊಂದು ಸ್ವಾರಸ್ಯವಿದೆ. ನಾನು ವೆಟ್ಸ್‌ಲಾರಿನವನಾಗಿದ್ದರೆ ಬಹುಶಃ ಪಾರಾಗುತ್ತಿದ್ದೆ. ಆ ಊರು ಇರುವುದು ಸುಮಾರು 50.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದೇ ಇಲ್ಲ. ಜೂನ್ 21ರ ನಡುಹಗಲಿನಲ್ಲೂ ನೆತ್ತಿಯಿಂದ 27 ಡಿಗ್ರಿ ದೂರದಲ್ಲೇ ಇರುತ್ತಾನೆ. 50 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾವನ್ನು ಅಂಗಾತ ಮಲಗಿಸಿದರೆ ಅದಕ್ಕೆ ಕಾಣುವುದು ನೆತ್ತಿಯ ಸುತ್ತಲಿನ ಆಕಾಶ, ಮೂಲೆಯ ಕಡೆಗೆ ಅಳೆದರೂ ಸುಮಾರು 23 ಡಿಗ್ರಿಯವರೆಗೆ ಮಾತ್ರ. ಹಾಗಾಗಿ ಆ ಊರಿನ ಸಮತಟ್ಟಾದ ಮೇಜಿನ ಮೇಲೆ ಅಂಗಾತ ಮಲಗಿದ ಕ್ಯಾಮೆರಾದ ಪರದೆಗೆ ವರ್ಷದ ಯಾವ ದಿನವೂ ಸೂರ್ಯ ಬೀಳುವುದಿಲ್ಲ. ಅದನ್ನು ಎತ್ತಿ ನಿಲ್ಲಿಸಿದಾಗ, ಕೊರಳಿಗೆ ಹಾಕಿಕೊಂಡಾಗಲೇ ಅಪಾಯ. ನಮ್ಮ ಕಥೆ ಬೇರೆ. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಇಲ್ಲಿ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯಲ್ಲಿ ಕೋಲು ನೆಟ್ಟು ನೀವು ನೋಡಿರಬಹುದು. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಏಪ್ರಿಲ್ ತಿಂಗಳ ಜಾತ್ರೆ, ಮಧ್ಯಾಹ್ನದ ಊಟ, ಆಕಾಶ ನೋಡುತ್ತ ಮಲಗಿದ ಕ್ಯಾಮೆರಾ! ಸೂರ್ಯ ನೇರವಾಗಿ ಒಳಗೇ ಇಣುಕಿದ.

ಫೋಟೋದ ಚುಕ್ಕೆ ಇರುವುದೂ ನಡುವಿನಿಂದ ಸ್ವಲ್ಪವೇ ಆಚೆಗೆ. ಅಂದು ಆ ಹೊತ್ತಿನಲ್ಲಿ ಕ್ಯಾಮೆರಾ ಆಕಾಶದ ಫೋಟೋ ತೆಗೆದಿದ್ದರೆ ಸೂರ್ಯ ಎಲ್ಲಿ ಬರುತ್ತಿದ್ದನೋ ಸರಿಯಾಗಿ ಅಲ್ಲೇ. ಅಜ್ಜಿಯ ಕೆನ್ನೆಯ ಮೇಲಿರುವುದು ಅಂದಿನ ಸೂರ್ಯನ ಗುರುತೇ.

ಕ್ಯಾಮೆರಾ ಇನ್ನೂ ಹೆಚ್ಚು ಹೊತ್ತು ಅಲ್ಲಾಡದೆ ಇದ್ದಿದ್ದರೆ ಚುಕ್ಕೆಯ ಬದಲು ಗೆರೆಯೇ ಆಗುತ್ತಿತ್ತು. ಆಕಾಶದಲ್ಲಿ ಸೂರ್ಯ ತನ್ನ ಅಗಲದಷ್ಟು ಸರಿಯಲು ಸುಮಾರು 2 ನಿಮಿಷ ಸಾಕು. ಅವನ ಪ್ರತಿಬಿಂಬವೂ ಅಷ್ಟೇ ವೇಗದಲ್ಲಿ ಸುಡುತ್ತ ಸುಡುತ್ತ ಸರಿಯುತ್ತದೆ. ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಬಳಸುತ್ತ ಬಂದ ಒಂದು ಉಪಕರಣ ಕೆಲಸ ಮಾಡುವುದೇ ಹೀಗೆ. ಬಯಲಲ್ಲಿ ಒಂದು ಗಾಜಿನ ಗೋಳ, ಅದರ ಹಿಂದೆ ಬಾಗಿಸಿ ಸಿಕ್ಕಿಸಿದ ರಟ್ಟಿನ ಪಟ್ಟಿ. ಬಿಸಿಲಿದ್ದಷ್ಟು ಹೊತ್ತು ಪಟ್ಟಿಯ ಮೇಲೆ ಸುಟ್ಟ ಗೆರೆ ಮೂಡುತ್ತದೆ, ಮೋಡ ಬಂದರೆ ಗೆರೆ ತುಂಡಾಗುತ್ತದೆ. ಸಂಜೆ ಗೆರೆಯನ್ನು ಅಳೆದರೆ ಅಂದು ಎಷ್ಟು ಗಂಟೆ ಬಿಸಿಲಿತ್ತೆಂದು ಗೊತ್ತಾಗುತ್ತದೆ. 1853ರಲ್ಲಿ ಕ್ಯಾಂಪ್‌ಬೆಲ್ ಎಂಬುವರು ಇದನ್ನು ಮರದ ಬಟ್ಟಲಿನಿಂದ ಆರಂಭಿಸಿದರು. 1879ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ರಟ್ಟಿನ ಪಟ್ಟಿಯ ರೂಪ ಕೊಟ್ಟರು. ಅಲ್ಲಿ ಬೇಕೆಂದೇ ಸುಡಿಸುವುದು, ನನ್ನ ಕ್ಯಾಮೆರಾದಲ್ಲಿ ಬೇಡವೆಂದರೂ ಸುಟ್ಟದ್ದು.

ಊಟ ಮುಗಿಸಿ ಬಂದವನಿಗೆ ಏನೂ ಗೊತ್ತಾಗಲಿಲ್ಲ. ಕ್ಯಾಮೆರಾ ಬಿಸಿಯಾಗಿತ್ತು, ಅಷ್ಟೇ. ಅಜ್ಜಿಯ ಫೋಟೋ ತೆಗೆಯಬೇಕೆಂದು ಅವರನ್ನು ಕಟ್ಟೆಯ ಬಳಿ ನಿಲ್ಲಿಸಿದೆ. ಫಿಲ್ಮ್ ಸುತ್ತಿಯೇ ಇತ್ತು. ಅಜ್ಜಿ, "ತಡಿಯೋ, ಸೆರಗು ಸರಿ ಮಾಡ್ಕೊತೀನಿ" ಎಂದು ಸೆರಗು ಹೊದ್ದು, ಕುಂಕುಮ ತಿದ್ದಿ, ಬಳೆ ಕಾಣುವಂತೆ ಕೈ ಕಟ್ಟಿಕೊಳ್ಳುವಷ್ಟರಲ್ಲಿ ಐದಾರು ನಿಮಿಷವೇ ಆಯಿತು. ಅಷ್ಟೂ ಹೊತ್ತು ಮುಚ್ಚಳವಿಲ್ಲದ ಲೆನ್ಸಿನಿಂದ ಬಂದ ಬೆಳಕು ಪರದೆಯ ತೂತಿನಲ್ಲಿ ನುಸುಳಿ ಫಿಲ್ಮಿನ ಅದೇ ಜಾಗಕ್ಕೆ ಬೀಳುತ್ತಲೇ ಇತ್ತು. ಉಳಿದ ಫೋಟೋಗಳನ್ನು ಗಮನಿಸಿದರೆ ಚುಕ್ಕೆಗಳು ಒಂದೇ ಸಮನಾಗಿಲ್ಲ. ಫಿಲ್ಮ್ ಸುತ್ತಿದ ಕೂಡಲೇ ತೆಗೆದವುಗಳಲ್ಲಿ ಚುಕ್ಕೆ ಮಂಕಾಗಿದೆ, ಕೆಲವದರಲ್ಲಿ ಹುಡುಕಬೇಕು. ಸುತ್ತಿಟ್ಟು ಕಾದವುಗಳಲ್ಲಿ ಬೆಳ್ಳಗಿದೆ. ಅಜ್ಜಿಯದು ಎಲ್ಲಕ್ಕಿಂತ ಪ್ರಖರ. ಸುಟ್ಟದ್ದು ಮೊದಲ ಪರದೆ. ಫಿಲ್ಮ್ ಸುತ್ತಿದಾಗ ಮುಂದೆ ನಿಲ್ಲುವುದು ಅದೇ. ಎರಡನೆಯ ಪರದೆ ಸುಟ್ಟಿದ್ದರೆ ತೆಗೆದಾದ ಫೋಟೋವನ್ನು ಮುಂದಕ್ಕೆ ಸುತ್ತದೆ ಬಿಟ್ಟಾಗ ಚುಕ್ಕೆ ಬೀಳುತ್ತಿತ್ತು.

ಆ ವರ್ಷದ ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು. ಅವರು ಒಬ್ಬರೇ ನಿಂತಿರುವ ಫೋಟೋ ನಮ್ಮ ಮನೆಯಲ್ಲಿ ಇರುವುದು ಅದೊಂದೇ. ಕಟ್ಟು ಹಾಕಿಸುವಾಗ ಸ್ಟುಡಿಯೋದವರು ಚುಕ್ಕೆಗೆ ಬಣ್ಣ ಹಚ್ಚಿ ಮುಚ್ಚಿಕೊಡುತ್ತೇವೆ ಎಂದರು. ಅಮ್ಮ ಬೇಡವೆಂದರು.

ಬೇರೆ ಕ್ಯಾಮೆರಾಗಳಿಗೆ ಈ ತೊಂದರೆ ಇಲ್ಲವೇ? ಲೆನ್ಸಿನ ಮೂಲಕವೇ ನೋಡುವ ಎಸ್.ಎಲ್.ಆರ್. ಕ್ಯಾಮೆರಾಗಳಲ್ಲಿ ಲೆನ್ಸಿಗೂ ಶಟರಿಗೂ ನಡುವೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಅದು ಬೆಳಕನ್ನು ಮೇಲಕ್ಕೆ ತಿರುಗಿಸುವುದರಿಂದ ಪರದೆ ನೆರಳಲ್ಲೇ ಉಳಿಯುತ್ತದೆ. ಆದರೆ ಆ ಬೆಳಕು ಹೋಗುವುದು ನೋಡುವವರ ಕಣ್ಣಿಗೆ! ಕೆಲವು ತಯಾರಕರು ಬಟ್ಟೆಯನ್ನೇ ಬಿಟ್ಟರು. ಜರ್ಮನಿಯ ಕಾಂಟ್ಯಾಕ್ಸ್ ಕ್ಯಾಮೆರಾದಲ್ಲಿ 1932ರಲ್ಲೇ ಲೋಹದ ಪಟ್ಟಿಗಳ ಶಟರ್ ಇತ್ತು. ಜಪಾನಿನ ನಿಕಾನ್ 1957ರ ತನ್ನ ಎಸ್‌ಪಿ ಕ್ಯಾಮೆರಾಕ್ಕೆ ಮೊದಲು ರಬ್ಬರ್ ಲೇಪಿಸಿದ ರೇಷ್ಮೆ ಬಳಸಿ ಆಮೇಲೆ ಟೈಟಾನಿಯಂ ಹಾಳೆಗೆ ಬದಲಾಯಿತು. 1959ರ ಕ್ಯಾನನ್ ಪಿ ಕ್ಯಾಮೆರಾದ್ದು ಸ್ಟೀಲಿನ ಹಾಳೆ. ಸ್ಟೀಲಿಗೆ ಬಿಸಿಲು ತೂತು ಹಾಕಲಾರದು. ಆದರೆ ಫಿಲ್ಮ್ ಹಾಕುವಾಗ ಬೆರಳು ತಾಗಿದರೆ ಸಾಕು, ಆ ತೆಳು ಹಾಳೆ ಸುಕ್ಕಾಗುತ್ತದೆ. ಹಳೆಯ ಕ್ಯಾನನ್‌ಗಳಲ್ಲಿ ಸುಕ್ಕಿಲ್ಲದ ಪರದೆ ಅಪರೂಪ. ಲೈಕಾದವರು ಮಾತ್ರ ತಮ್ಮ ಫಿಲ್ಮ್ ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲಿ ಬಟ್ಟೆಯನ್ನು ಬಿಟ್ಟುಕೊಡಲಿಲ್ಲ. 2022ರಲ್ಲಿ ಅವರು ಎಂ6 ಎಂಬ ಹಳೆಯ ಫಿಲ್ಮ್ ಕ್ಯಾಮೆರಾವನ್ನು ಮತ್ತೆ ತಯಾರಿಸಿದಾಗಲೂ ಒಳಗೆ ಅದೇ ರಬ್ಬರ್ ಲೇಪಿಸಿದ ಬಟ್ಟೆ. ಸದ್ದು ಕಡಿಮೆ ಎಂಬ ಗುಣಕ್ಕೆ ಅವರು ಕೊಡುತ್ತಿರುವ ಬೆಲೆ ಅದು. ನನ್ನನ್ನು ಕೇಳಿದರೆ ಅದು ತಪ್ಪಲ್ಲ. ಬಿಸಿಲಿನಿಂದ ಕಾಪಾಡಿಕೊಂಡರೆ ಬಟ್ಟೆ ಹತ್ತಾರು ವರ್ಷ ಬಾಳುತ್ತದೆ.

ಬಟ್ಟೆ ಇಲ್ಲದ ಕ್ಯಾಮೆರಾವನ್ನೂ ಸೂರ್ಯ ಕೆಡಿಸಬಲ್ಲ. 1969ರ ನವೆಂಬರಿನಲ್ಲಿ ಅಪೊಲೊ 12ರ ಗಗನಯಾತ್ರಿಗಳು ಚಂದ್ರನ ಮೇಲೆ ಇಳಿದರು. ಭೂಮಿಗೆ ಬಣ್ಣದ ಚಿತ್ರ ಕಳಿಸಲು ಟಿ.ವಿ. ಕ್ಯಾಮೆರಾ ಒಯ್ದಿದ್ದರು. ಅದರ ಜಾಗ ಬದಲಿಸುವಾಗ ಆಲನ್ ಬೀನ್ ಅವರು ಅರಿಯದೆ ಅದನ್ನು ಸೂರ್ಯನ ಕಡೆಗೆ ತಿರುಗಿಸಿದರು. ಒಳಗಿನ ಚಿತ್ರಗ್ರಾಹಕ ನಳಿಕೆ ಸುಟ್ಟಿತು. ಅಲ್ಲಿಗೆ ನೇರಪ್ರಸಾರ ಮುಗಿಯಿತು. ಟಿ.ವಿ. ಮುಂದೆ ಕುಳಿತಿದ್ದವರಿಗೆ ಉಳಿದ ಚಂದ್ರನಡಿಗೆ ಕಾಣಿಸಲೇ ಇಲ್ಲ.

ಬದಲಾಯಿಸಲಾಗದ ಒಂದು ಪರದೆ ಇದೆ. ಅದು ನಿಮ್ಮ ಕಣ್ಣಿನೊಳಗಿನ ಅಕ್ಷಿಪಟ. ಕಣ್ಣಿಗೂ ಒಂದು ಮಸೂರ, ಅದರ ಹಿಂದೆ ಬೆಳಕನ್ನು ಹೀರುವ ಪದರ. ಸೂರ್ಯನನ್ನು ದಿಟ್ಟಿಸಿದರೆ ಅಲ್ಲಿಯೂ ಅವನ ಪ್ರತಿಬಿಂಬ ಬೀಳುತ್ತದೆ, ಮಿಲಿಮೀಟರಿನ ಆರನೇ ಒಂದು ಭಾಗದಷ್ಟು ಅಗಲ. ಮತ್ತು ಅದು ಬೀಳುವುದು ನಾವು ಓದಲು, ಮುಖ ಗುರುತಿಸಲು ಬಳಸುವ ನಟ್ಟನಡುವಿನ ಜಾಗದ ಮೇಲೆಯೇ. ಆ ಭಾಗಕ್ಕೆ ಶಾಖದಿಂದ ಮಾತ್ರವಲ್ಲ, ಪ್ರಖರ ಬೆಳಕು ಉಂಟುಮಾಡುವ ರಾಸಾಯನಿಕ ಬದಲಾವಣೆಗಳಿಂದಲೂ ಹಾನಿಯಾಗುತ್ತದೆ. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲ. ನನ್ನ ಕ್ಯಾಮೆರಾದ ಹಾಗೆ ಆಗ ಏನೂ ಗೊತ್ತಾಗದು, ಗೊತ್ತಾಗುವುದು ಆಮೇಲೆ. 2019ರ ಡಿಸೆಂಬರ್ 26ರಂದು ಮಂಗಳೂರಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಾಗ ಗ್ರಹಣದಲ್ಲಿ ವಿಷಕಿರಣ ಬರುತ್ತದೆಂದು ಬಾಗಿಲು ಮುಚ್ಚಿ ಕುಳಿತವರಿದ್ದರು. ಗ್ರಹಣದ ದಿನ ಸೂರ್ಯನಿಂದ ಹೊಸ ಕಿರಣವೇನೂ ಬರುವುದಿಲ್ಲ. ಬೇರೆ ದಿನ ಯಾರೂ ಸೂರ್ಯನನ್ನು ದಿಟ್ಟಿಸುವುದಿಲ್ಲ, ಅಂದು ದಿಟ್ಟಿಸುತ್ತಾರೆ, ವ್ಯತ್ಯಾಸ ಅಷ್ಟೇ. ಸೌರ ಕನ್ನಡಕವಿಲ್ಲದಿದ್ದರೆ ರಟ್ಟಿನಲ್ಲಿ ಸೂಜಿತೂತು ಮಾಡಿ ಸೂರ್ಯನಿಗೆ ಬೆನ್ನು ಹಾಕಿ ನಿಂತು, ಗೋಡೆಯ ಮೇಲೆ ಬೀಳುವ ಪ್ರತಿಬಿಂಬ ನೋಡಿ. ಮೊಸರು ಜರಡಿಯ ತೂತೂ ಆದೀತು.

ಮಾವನ ಕ್ಯಾಮೆರಾ ಏನಾಯಿತು ಎಂದು ಹೇಳಲಿಲ್ಲ. ಬೆಂಗಳೂರಿನ ರಿಪೇರಿಯವರೊಬ್ಬರ ಬಳಿಗೆ ಒಯ್ದೆ. ಅವರು ಲೆನ್ಸು ಬಿಚ್ಚಿ, ಹಿಂದಿನ ಬಾಗಿಲು ತೆಗೆದು, ಕೋಣೆಯ ದೀಪ ಆರಿಸಿ ಮುಂದಿನಿಂದ ಟಾರ್ಚ್ ಬಿಟ್ಟರು. ಕಪ್ಪು ಪರದೆಯ ಮೇಲೆ ಒಂಟಿ ನಕ್ಷತ್ರದಂತೆ ತೂತು ಹೊಳೆಯಿತು. ರಬ್ಬರಿನಂಥ ಕಪ್ಪು ಬಣ್ಣವನ್ನು ಸೂಜಿಯ ತುದಿಯಿಂದ ತೆಳ್ಳಗೆ ಹಚ್ಚಿದರು. ದಪ್ಪಗೆ ಹಚ್ಚಿದರೆ ಬಟ್ಟೆ ಉರುಳೆಗೆ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ, ಪರದೆಯ ವೇಗ ತಪ್ಪುತ್ತದೆಯಂತೆ. ತೂತು ದೊಡ್ಡದಾಗಿದ್ದರೆ ಪರದೆಯನ್ನೇ ಬದಲಿಸಬೇಕಿತ್ತು, ಅದು ನನ್ನ ಜೇಬಿಗೆ ಆಗುವ ಮಾತಾಗಿರಲಿಲ್ಲ.

ಮಾವ ಬೈಯಲಿಲ್ಲ. ಲೆನ್ಸಿನ ಮುಚ್ಚಳಕ್ಕೆ ತೂತು ಮಾಡಿ, ದಾರ ಕಟ್ಟಿ ಕ್ಯಾಮೆರಾಕ್ಕೇ ಬಿಗಿದರು. ಮುಂದಿನ ದೀಪಾವಳಿಗೆ ಮತ್ತೆ ಧೈರ್ಯ ಮಾಡಿ ಕೊಟ್ಟರು. ಈ ಸಲ ನಾನು ತುಂಬ ಎಚ್ಚರದಿಂದಿದ್ದೆ. ಒಂದು ಕ್ಷಣವೂ ಮುಚ್ಚಳ ತೆಗೆದಿಡಲಿಲ್ಲ. ಆದರೆ ಆ ಕ್ಯಾಮೆರಾದಲ್ಲಿ ಇಣುಕುಗಾಜು ಬೇರೆ, ಲೆನ್ಸು ಬೇರೆ ಅಲ್ಲವೇ? ಮುಚ್ಚಳ ಹಾಕಿದ್ದರೂ ಇಣುಕಿದವರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ರೋಲು ತೊಳೆಸಿದಾಗ 36ರಲ್ಲಿ 11 ಫೋಟೋ ಪೂರ್ತಿ ಕಪ್ಪಾಗಿ ಬಂದಿದ್ದವು. ಒಂದರಲ್ಲೂ ಬಿಳಿ ಚುಕ್ಕೆ ಇರಲಿಲ್ಲ.